ನೋವಿಗೆ ವೋಚರ್ ಕೇಳಬೇಡಿ

ಕಾಮರ್ಸ್ ವಿಭಾಗಕ್ಕೆ ಸೇರಿದ ಮೊದಲ ತಿಂಗಳಲ್ಲೇ ನಮಗೆ ಒಂದು ನಿಯಮ ಕಲಿಸುತ್ತಾರೆ: ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಬಿಲ್ಲು, ರಸೀದಿ, ಚೀಟಿ, ಏನಾದರೊಂದು ಕಾಗದ ಕೈಯಲ್ಲಿದ್ದರೆ ಮಾತ್ರ ವ್ಯವಹಾರವನ್ನು ಪುಸ್ತಕಕ್ಕೆ ಏರಿಸಬೇಕು. ವ್ಯಾಪಾರಕ್ಕೆ ಇದು ಒಳ್ಳೆಯ ನಿಯಮ. ಆದರೆ ನಾವು ಇದನ್ನು ಮನುಷ್ಯರ ನೋವಿಗೂ ಹಾಕುತ್ತಿದ್ದೇವೆ. ತಲೆನೋವು ಎಂದರೆ "ಮೈ ಬಿಸಿ ಇಲ್ಲವಲ್ಲ" ಎನ್ನುತ್ತೇವೆ. ಹೊಟ್ಟೆನೋವು ಎಂದರೆ "ಇವತ್ತು ಟೆಸ್ಟ್ ಇದೆ ಅಂತ ತಾನೆ?" ಎಂದು ನಗುತ್ತೇವೆ. ರಕ್ತ ಬಂದರೆ, ಬಾವು ಬಂದರೆ, ಎಕ್ಸ್‌ರೇಯಲ್ಲಿ ಮುರಿದ ಎಲುಬು ಕಂಡರೆ ನಂಬುತ್ತೇವೆ. ಕಣ್ಣಿಗೆ ಕಾಣದ ನೋವೆಲ್ಲ ನಮಗೆ ನಾಟಕ.

ನಾನು ಹೇಳಬೇಕೆಂದಿರುವುದು ಇಷ್ಟೇ: ನೋವಿನ ವಿಷಯದಲ್ಲಿ ಅನುಭವಿಸುವವರ ಮಾತಿಗಿಂತ ದೊಡ್ಡ ವೋಚರ್ ಇಲ್ಲ. ಇದು ಬರೀ ಕನಿಕರದ ಮಾತಲ್ಲ. ಸ್ಪರ್ಶ ಮತ್ತು ನೋವಿನ ಬಗ್ಗೆ ವಿಜ್ಞಾನಿಗಳು ಕಂಡುಕೊಂಡಿರುವುದನ್ನು ಓದಿದರೆ ಯಾರಿಗಾದರೂ ಇದೇ ತೀರ್ಮಾನ ಬರುತ್ತದೆ.

ಹತ್ತನೇ ತರಗತಿಯಲ್ಲಿ ನಾವೆಲ್ಲ ಪರಾವರ್ತಿತ ಪ್ರತಿಕ್ರಿಯೆಯ ಚಿತ್ರ ಬರೆದಿದ್ದೇವೆ. ಬಿಸಿ ಪಾತ್ರೆ ಮುಟ್ಟಿದ ಕೈ, ಬೆನ್ನುಹುರಿ, ಹಿಂದಕ್ಕೆ ಬರುವ ಕೈ. ಐದು ಅಂಕ ಬಂತು, ಮರೆತೆವು. ಆ ಚಿತ್ರದಲ್ಲಿ ಒಂದೇ ಗೆರೆಯಾಗಿ ತೋರಿಸಿದ ನರ ನಿಜವಾಗಿ ಒಂದೇ ಬಗೆಯದಲ್ಲ. ಮೆಲ್ಲನೆ ಮುಟ್ಟಿದ್ದನ್ನು ತಿಳಿಸುವ ನರತಂತುಗಳು ದಪ್ಪ, ವೇಗ ಹೆಚ್ಚು. ಅವುಗಳಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 30ರಿಂದ 70 ಮೀಟರ್ ಓಡುತ್ತದೆ. ಚುಚ್ಚಿದ ತೀಕ್ಷ್ಣ ನೋವನ್ನು ತರುವವು ಸ್ವಲ್ಪ ತೆಳು, ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್. ಉರಿ ಮತ್ತು ಮಂದ ನೋವನ್ನು ತರುವವು ಬಹಳ ತೆಳು, ಸೆಕೆಂಡಿಗೆ ಅರ್ಧದಿಂದ 2 ಮೀಟರ್ ಮಾತ್ರ. ಕಾಲ್ಬೆರಳಿನಿಂದ ಬೆನ್ನುಹುರಿಗೆ ಸುಮಾರು ಒಂದು ಮೀಟರ್ ಎಂದು ಲೆಕ್ಕ ಹಾಕಿ. ಸ್ಪರ್ಶದ ಸುದ್ದಿ ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ತಲುಪುತ್ತದೆ, ಉರಿಯ ಸುದ್ದಿಗೆ ಒಂದು ಸೆಕೆಂಡ್ ಬೇಕು. ಹೊಸ್ತಿಲಿಗೆ ಬೆರಳು ಎಡವಿದಾಗ ಮೊದಲು ತಟ್ಟಿದ್ದು ಗೊತ್ತಾಗಿ, ಆಮೇಲೆ "ಅಯ್ಯೋ" ಎನ್ನುವ ನೋವು ಬರುವುದು ಇದಕ್ಕೇ. ಅಂದರೆ ನೋವು ಎಂಬುದು ಮನಸ್ಸಿನ ದೌರ್ಬಲ್ಯವಲ್ಲ. ಅದಕ್ಕೆ ತನ್ನದೇ ತಂತಿ ಇದೆ, ತನ್ನದೇ ವೇಗ ಇದೆ.

ತಂತಿ ಮಾತ್ರವಲ್ಲ, ಬಾಗಿಲೂ ಇದೆ. ಆ ಬಾಗಿಲನ್ನು ಕಂಡುಹಿಡಿಯಲು ಸಹಾಯ ಮಾಡಿದ್ದು ನಮ್ಮ ಮನೆಮನೆಯಲ್ಲಿರುವ ಮೆಣಸಿನಕಾಯಿ. ಖಾರದಲ್ಲಿರುವ ಕ್ಯಾಪ್ಸೈಸಿನ್ ನಾಲಗೆಯನ್ನು ಯಾಕೆ ಉರಿಸುತ್ತದೆ ಎಂದು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಜೂಲಿಯಸ್ ಹುಡುಕಿದರು. 1997ರಲ್ಲಿ ಅವರ ತಂಡ ನರದ ತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಪ್ರೋಟೀನನ್ನು ಗುರುತಿಸಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಬಾಗಿಲು ತೆರೆಯುತ್ತದೆ, ಕ್ಯಾಪ್ಸೈಸಿನ್ ತಾಗಿದರೂ ತೆರೆಯುತ್ತದೆ. ಜೋಳದ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿ ತಿಂದಾಗ ಬಾಯಿ ಸುಡುವುದಿಲ್ಲ, ಆದರೂ ಮೆದುಳಿಗೆ "ಬೆಂಕಿ" ಎಂಬ ಸುದ್ದಿಯೇ ಹೋಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಕಡುಕೆಂಪಾಗಿದ್ದರೂ ಅಷ್ಟು ಉರಿಸದಿರುವುದಕ್ಕೆ ಕಾರಣ ಅದರಲ್ಲಿ ಕ್ಯಾಪ್ಸೈಸಿನ್ ಕಡಿಮೆ ಇರುವುದು. ಒತ್ತಿದ್ದು, ಮುಟ್ಟಿದ್ದು ಗೊತ್ತಾಗುವ ಇನ್ನೊಂದು ಬಾಗಿಲು ಪೀಜೋ. ಅದನ್ನು 2010ರಲ್ಲಿ ಆರ್ಡೆಮ್ ಪಟಪೂಟಿಯನ್ ಅವರ ತಂಡ ಪ್ರಕಟಿಸಿತು. ಲೆಬನಾನಿನ ಬೈರೂತ್‌ನಲ್ಲಿ ಹುಟ್ಟಿ, ಅಲ್ಲಿನ ಯುದ್ಧದ ಕಾಲದಲ್ಲಿ, 1986ರಲ್ಲಿ ಅಮೆರಿಕಕ್ಕೆ ಹೋದವರು ಅವರು. 2021ರಲ್ಲಿ ಇಬ್ಬರಿಗೂ ವೈದ್ಯಶಾಸ್ತ್ರದ ನೊಬೆಲ್ ಬಂತು.

ಇಂಥ ಕೆಲಸ ನಮ್ಮ ರಾಜ್ಯದಲ್ಲೂ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿನ ನರವಿಜ್ಞಾನ ಕೇಂದ್ರದಲ್ಲಿ ಅರ್ನಬ್ ಬಾರಿಕ್ ಎಂಬ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಂದಿಗೆ ನೋವು ಮತ್ತು ತುರಿಕೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಾರೆ. ಅವರ ಪ್ರಶ್ನೆ ಚರ್ಮದಲ್ಲಿ ನಿಲ್ಲುವುದಿಲ್ಲ, ಮೆದುಳಿಗೆ ಹೋಗುತ್ತದೆ. ಒಂದೇ ಗಾಯ ಒಂದು ಹೊತ್ತಿನಲ್ಲಿ ಜೀವ ಹಿಂಡುತ್ತದೆ, ಇನ್ನೊಂದು ಹೊತ್ತಿನಲ್ಲಿ ಗೊತ್ತೇ ಆಗುವುದಿಲ್ಲ. ಯಾಕೆ? ಇಲಿಗಳಲ್ಲಿ ಅವರ ತಂಡ ಕಂಡದ್ದು ಇದು: ಗಾಬರಿಯಾದಾಗ ಮೆದುಳಿನ ಸೆಪ್ಟಮ್ ಎಂಬ ಭಾಗದ ನರಕೋಶಗಳು ಹೈಪೋಥಲಾಮಸ್ ಮೂಲಕ ಮೆದುಳುಕಾಂಡಕ್ಕೆ ಸಂದೇಶ ಕಳಿಸುತ್ತವೆ, ಅಲ್ಲಿಂದ ಬೆನ್ನುಹುರಿಗೆ ಆದೇಶ ಇಳಿದು ನೋವಿನ ಸುದ್ದಿ ತಗ್ಗುತ್ತದೆ. ಗಾಬರಿ ತುರಿಕೆಯನ್ನೂ ಹೀಗೆಯೇ ಅಡಗಿಸಬಲ್ಲದು ಎಂದು ಅದೇ ತಂಡ ತೋರಿಸಿದೆ.

ಇದರ ಅರ್ಥ ನಮ್ಮ ಕಡೆಯ ಕುಸ್ತಿ ಕಣ ನೋಡಿದವರಿಗೆ ಬೇಗ ತಿಳಿಯುತ್ತದೆ. ಪೈಲ್ವಾನನಿಗೆ ಕಣದಲ್ಲಿ ಬೆರಳು ಮುರಿದದ್ದು ತಿಳಿಯುವುದಿಲ್ಲ, ಕುಸ್ತಿ ಮುಗಿದು ಬಂದು ಕೂತ ಮೇಲೆ ಕೂಗುತ್ತಾನೆ. ಎರಡನೇ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯರು ದೊಡ್ಡ ಗಾಯಗಳಾಗಿದ್ದ ಸೈನಿಕರಲ್ಲಿ ಅನೇಕರು ನೋವಿನ ಔಷಧಿಯನ್ನೇ ಕೇಳಲಿಲ್ಲ ಎಂದು ಗಮನಿಸಿ 1946ರಲ್ಲಿ ಬರೆದರು. ಇದರ ಇನ್ನೊಂದು ಮುಖವೂ ಇದೆ. ಮಗು ಬಿದ್ದಾಗ ಅಮ್ಮ ಪೆಟ್ಟಾದ ಜಾಗವನ್ನು ತಿಕ್ಕುತ್ತಾಳೆ, ಮಗುವಿಗೆ ಸಮಾಧಾನವಾಗುತ್ತದೆ. ಸ್ಪರ್ಶದ ದಪ್ಪ ನರಗಳ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ದಾರಿಯನ್ನು ತಡೆಯುತ್ತದೆ ಎಂದು ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು 1965ರಲ್ಲೇ ವಿವರಿಸಿದ್ದರು.

ಹಾಗಾದರೆ ಗಾಯದ ಅಳತೆಯೇ ನೋವಿನ ಅಳತೆಯಲ್ಲ. ದೊಡ್ಡ ಗಾಯಕ್ಕೆ ಸಣ್ಣ ನೋವಿರಬಹುದು, ಕಾಣದ ಕಾರಣಕ್ಕೆ ದೊಡ್ಡ ನೋವಿರಬಹುದು. ಜ್ವರಕ್ಕೆ ಥರ್ಮಾಮೀಟರ್ ಇದೆ, ಬಿಪಿಗೆ ಯಂತ್ರ ಇದೆ. ನೋವಿಗೆ ಅಂಥ ಮೀಟರ್ ಯಾವ ಆಸ್ಪತ್ರೆಯಲ್ಲೂ ಇಲ್ಲ. ಎಷ್ಟೇ ದೊಡ್ಡ ವೈದ್ಯರಾದರೂ "ಸೊನ್ನೆಯಿಂದ ಹತ್ತರೊಳಗೆ ಎಷ್ಟು?" ಎಂದು ರೋಗಿಯನ್ನೇ ಕೇಳಬೇಕು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯಾನವನ್ನು ತಿದ್ದಿದಾಗ ಇದನ್ನೂ ಸೇರಿಸಿತು: ಒಬ್ಬರು ತಮಗೆ ನೋವಿದೆ ಎಂದರೆ ಆ ಮಾತನ್ನು ಗೌರವಿಸಬೇಕು. ಬಾಯಿಬಿಟ್ಟು ಹೇಳಲಾಗದವರಿಗೂ ನೋವಿರುತ್ತದೆ ಎಂದೂ ಅದು ಹೇಳಿತು.

ಆದರೆ ನಾವು ಯಾರ ಮಾತನ್ನು ಗೌರವಿಸುತ್ತೇವೆ? ಇಲ್ಲಿ ನಮ್ಮ ಲೆಕ್ಕ ಸರಿಯಿಲ್ಲ. "ಕಬ್ಬು ಕಡಿಯುವವರ ಕೈ ಗಟ್ಟಿ, ಅವರಿಗೇನೂ ಆಗುವುದಿಲ್ಲ" ಎನ್ನುವವರನ್ನು ನೀವೂ ಕೇಳಿರುತ್ತೀರಿ. "ಗಂಡಸಾಗಿ ಅಳುತ್ತೀಯಾ" ಎಂದು ಹುಡುಗರಿಗೆ, "ಹೆಣ್ಣುಮಕ್ಕಳಿಗೆ ಇದೆಲ್ಲ ಇದ್ದದ್ದೇ" ಎಂದು ಹುಡುಗಿಯರಿಗೆ ಹೇಳುತ್ತೇವೆ. ಈ ರೋಗ ಓದಿದವರನ್ನೂ ಬಿಟ್ಟಿಲ್ಲ. 2016ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರಲ್ಲಿ ಸುಮಾರು ಅರ್ಧದಷ್ಟು ಜನ ಕರಿಯರ ದೇಹದ ಬಗ್ಗೆ, ಅವರ ಚರ್ಮ ದಪ್ಪ ಎಂಬಂಥ, ಒಂದಾದರೂ ತಪ್ಪು ನಂಬಿಕೆ ಇಟ್ಟುಕೊಂಡಿದ್ದರು. ಅಂಥವರು ಕರಿಯ ರೋಗಿಯ ನೋವನ್ನು ಕಡಿಮೆ ಎಂದು ಅಂದಾಜಿಸಿದರು. ಮಹಾಭಾರತದ ಕರ್ಣನ ಕಥೆಯಲ್ಲೂ ಇದೇ ಇದೆ. ಗುರುವಿನ ನಿದ್ದೆ ಕೆಡಬಾರದೆಂದು ತೊಡೆ ಕೊರೆಯುವ ಹುಳುವನ್ನು ತಡೆದುಕೊಂಡ. ಪರಶುರಾಮರು ಎದ್ದು ಮೆಚ್ಚಲಿಲ್ಲ. ಇಷ್ಟು ನೋವು ತಾಳುವವನು ಇಂಥ ಕುಲದವನೇ ಇರಬೇಕು ಎಂದು ಊಹಿಸಿ ಶಾಪ ಕೊಟ್ಟರು. ನೋವನ್ನು ಕುಲದಿಂದ ಅಳೆಯುವ ಅಭ್ಯಾಸ ಅಷ್ಟು ಹಳೆಯದು.

ನಮ್ಮೂರಿನ ಹೆಸರಿನಲ್ಲೇ ಒಬ್ಬ ಕವಿ ಇದ್ದಾರೆ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಗದಾಯುದ್ಧದಲ್ಲಿ ಗೆದ್ದವನ ಪರಾಕ್ರಮವನ್ನಷ್ಟೇ ಬರೆಯಲಿಲ್ಲ, ರಣರಂಗದಲ್ಲಿ ಒಬ್ಬೊಬ್ಬರ ಶವದ ಮುಂದೆ ನಿಂತು ಅಳುವ ದುರ್ಯೋಧನನ ದುಃಖವನ್ನೂ ಬರೆದರು. ಎದುರಾಳಿಯ ನೋವನ್ನೂ ನೋವೆಂದು ಒಪ್ಪಿದ ಊರು ನಮ್ಮದು. ನಮ್ಮದೇ ಬೆಂಚಿನ ಗೆಳತಿಯ ನೋವನ್ನು ಒಪ್ಪುವುದಕ್ಕೆ ಏನು ಕಷ್ಟ?

ಗೆಳತಿಯ ನೋವು ಎಂದಾಗ ಒಂದು ವಿಷಯ ಹೇಳಲೇಬೇಕು. ತಿಂಗಳ ಮುಟ್ಟಿನ ದಿನಗಳಲ್ಲಿ ಬರುವ ಹೊಟ್ಟೆನೋವಿನ ಬಗ್ಗೆ ನಮ್ಮ ಕಾಲೇಜುಗಳಲ್ಲಿ ಯಾರೂ ಮಾತಾಡುವುದಿಲ್ಲ. ಅದು ನಾಚಿಕೆಯ ವಿಷಯವಲ್ಲ. ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಗರ್ಭಕೋಶದ ಸ್ನಾಯುಗಳನ್ನು ಹಿಂಡುವುದರಿಂದ ಆ ನೋವು ಬರುತ್ತದೆ. ಕೆಲವರಿಗೆ ಸ್ವಲ್ಪ, ಕೆಲವರಿಗೆ ಎದ್ದು ನಿಲ್ಲಲಾರದಷ್ಟು. ಕೆಲಸ ಮಾಡುವ ಮಹಿಳೆಯರಿಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ನಮ್ಮ ರಾಜ್ಯದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕಚೇರಿಯ ಅಕ್ಕನಿಗೆ ಇರುವ ನೋವು ಕ್ಲಾಸಿನ ತಂಗಿಗೂ ಇರುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕೇ?

"ಸಬರ್ ಮಾಡಬೇಕು" ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಸಬರ್ ದೊಡ್ಡ ಗುಣ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸಬರ್ ಎಂದರೆ ಬಾಯಿ ಮುಚ್ಚಿಕೊಳ್ಳುವುದು ಎಂದು ಯಾರು ಹೇಳಿದರು? ಸಬರ್‌ಗೆ ನಾವು ಮೊದಲು ನೆನೆಯುವ ಹೆಸರು ಹಜರತ್ ಅಯ್ಯೂಬ್ ಅಲೈಹಿಸ್ಸಲಾಮ್. ಅವರು ತಮ್ಮ ಸಂಕಟವನ್ನು ರಬ್ಬಿನ ಮುಂದೆ ಬಾಯಿಬಿಟ್ಟು ಹೇಳಿಕೊಂಡರು ಎಂದು ಕುರ್‌ಆನ್‌ನಲ್ಲೇ ಇದೆ. ಅಲ್ಲಿ ಬರುವ ಅರಬ್ಬಿ ಕ್ರಿಯಾಪದದ ಮೂಲ ಅರ್ಥ "ಮುಟ್ಟುವುದು", ಸಂಕಟ ತಮ್ಮನ್ನು ಮುಟ್ಟಿದೆ ಎಂದು ಅವರು ಮೊರೆಯಿಟ್ಟರು. ಹೇಳಿಕೊಂಡದ್ದಕ್ಕೆ ಅವರ ಸಬರ್ ಕಡಿಮೆಯಾಗಲಿಲ್ಲ, ಕುರ್‌ಆನ್ ಅವರನ್ನು ತಾಳ್ಮೆಯುಳ್ಳವರೆಂದೇ ಹೊಗಳುತ್ತದೆ. ಪ್ರವಾದಿಯೇ ನೋವನ್ನು ಹೇಳಿಕೊಂಡರೆ, ನಮ್ಮ ಅಮ್ಮಿಯರು ಹೇಳಿಕೊಳ್ಳುವುದರಲ್ಲಿ ಏನು ತಪ್ಪಿದೆ?

ಹೇಳಿಕೊಳ್ಳಲು ಮಾತು ಬೇಕು. ಇಲ್ಲಿ ಇನ್ನೊಂದು ತೊಡಕಿದೆ. ನೋವಿಗೆ ಒಂದೇ ಹೆಸರಿಲ್ಲ. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತಮ್ಮ ವೈದ್ಯಗ್ರಂಥ ಅಲ್ ಕಾನೂನ್‌ನಲ್ಲಿ ನೋವನ್ನು 15 ಬಗೆಯಾಗಿ ವಿಂಗಡಿಸಿದ್ದರು. 1975ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೆಲ್ಜಾಕ್ ನೋವನ್ನು ಹೇಳುವ 78 ಪದಗಳನ್ನು 20 ಗುಂಪು ಮಾಡಿ ಪ್ರಶ್ನಾವಳಿ ತಯಾರಿಸಿದರು. ರೋಗಿ ಆರಿಸುವ ಪದದಿಂದ ನೋವಿನ ಬಗೆ ತಿಳಿಯುತ್ತದೆ. ಕನ್ನಡದಲ್ಲೂ ಎಷ್ಟು ಪದಗಳಿವೆ: ಉರಿ, ಚುಚ್ಚು, ಸೆಳೆತ, ಕಡಿತ, ಜೋಮು, ಜುಮುಜುಮು, ಬ್ಯಾನಿ. ನಮ್ಮ ಮನೆಯ ಉರ್ದುವಿನಲ್ಲಿ ಜಲನ್, ಚುಭನ್, ಟೀಸ್, ಸುನ್. ಕಷ್ಟವೇನೆಂದರೆ ವಯಸ್ಸಾದವರಿಗೆ ನೋವು ಬರುವುದು ಮನೆಮಾತಿನಲ್ಲಿ, ಚೀಟಿ ಬರೆಯುವುದು ಬೇರೆ ಮಾತಿನಲ್ಲಿ.

ನನ್ನ ದಾದಿಗೆ ಹಲವು ವರ್ಷದಿಂದ ಶುಗರ್ ಇದೆ. "ಪಾವ್ ಜಲ್ತೆ ಭೀ ಹೈಂ, ಸುನ್ ಭೀ ಹೈಂ" ಎನ್ನುತ್ತಾರೆ. ಕಾಲು ಉರಿಯುತ್ತದೆ, ಜೊತೆಗೆ ಮರಗಟ್ಟಿಯೂ ಇದೆ. ಕೇಳಿದವರು ನಗುತ್ತಾರೆ: ಮರಗಟ್ಟಿದ್ದು ಉರಿಯುವುದು ಹೇಗೆ? ಒಂದು ಕಡೆ ತೋರಿಸಿದಾಗ ಚೀಟಿಯಲ್ಲಿ ಬರೆದದ್ದು ಬರೀ "ಕಾಲು ನೋವು". ಉರಿಯೂ ಇಲ್ಲ, ಜೋಮೂ ಇಲ್ಲ. ಆದರೆ ದಾದಿ ಹೇಳಿದ್ದು ವಿಜ್ಞಾನದ ಪ್ರಕಾರ ಪೂರ್ತಿ ಸರಿ. ಶುಗರ್ ಹೆಚ್ಚಾಗಿ ನರಗಳು ಹಾಳಾದಾಗ ಮುಟ್ಟಿದ್ದು ತಿಳಿಯದೆ ಹೋಗುತ್ತದೆ, ಹಾಳಾದ ಅದೇ ನರಗಳು ಸುಳ್ಳು ಸುದ್ದಿ ಕಳಿಸಿ ಉರಿಯನ್ನೂ ತರುತ್ತವೆ. ಎರಡೂ ಒಟ್ಟಿಗೆ ಇರುವುದೇ ಆ ಕಾಯಿಲೆಯ ಗುರುತು. ಅವರ ಎರಡು ಮಾತನ್ನೂ ಬರೆದುಕೊಂಡಿದ್ದರೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತಿತ್ತು.

ಉರಿಗಿಂತ ಜೋಮು ಅಪಾಯ. ಬ್ರಿಟಿಷ್ ವೈದ್ಯ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ಕುಷ್ಠರೋಗಿಗಳ ಕೈಕಾಲು ಶಸ್ತ್ರಚಿಕಿತ್ಸೆ ಮಾಡಿದವರು. ಕುಷ್ಠದಿಂದ ಬೆರಳು ತಾನಾಗಿ ಉದುರುವುದಿಲ್ಲ, ನೋವು ತಿಳಿಯದ್ದರಿಂದ ಸುಟ್ಟು, ತರಚಿ, ಸೋಂಕಾಗಿ ಹಾಳಾಗುತ್ತದೆ ಎಂದು ಅವರು ತೋರಿಸಿಕೊಟ್ಟರು. 2006ರಲ್ಲಿ ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ನೋವು ತಿಳಿಯದ ಮಕ್ಕಳ ಬಗ್ಗೆ ಸಂಶೋಧನೆ ಪ್ರಕಟವಾಯಿತು. ಒಬ್ಬ ಬಾಲಕ ಬೀದಿಯಲ್ಲಿ ಕೆಂಡದ ಮೇಲೆ ನಡೆದು, ತೋಳಿಗೆ ಚಾಕು ಚುಚ್ಚಿಕೊಂಡು ಜನರಿಂದ ದುಡ್ಡು ಪಡೆಯುತ್ತಿದ್ದ. 14 ತುಂಬುವ ಮೊದಲೇ ಮನೆಯ ಮಾಳಿಗೆಯಿಂದ ಹಾರಿ ತೀರಿಕೊಂಡ. ನೋವೇ ಇಲ್ಲದ ಜೀವನ ವರವಲ್ಲ. ನೋವು ದೇಹ ಕಳಿಸುವ ನೋಟಿಸು. ನೋಟಿಸು ಬಂದಾಗ ಓದದವರು ಆಮೇಲೆ ದಂಡ ಕಟ್ಟುತ್ತಾರೆ.

ಇಷ್ಟಕ್ಕೂ ಒಂದು ಪ್ರಶ್ನೆ ಬರುತ್ತದೆ. ಸುಳ್ಳು ಹೇಳುವವರು ಇಲ್ಲವೇ? ಇದ್ದಾರೆ. ನಾವೆಲ್ಲ ವಿದ್ಯಾರ್ಥಿಗಳು, ನಮಗೇ ಗೊತ್ತು. ಇದಕ್ಕೂ ಅಕೌಂಟೆನ್ಸಿಯಲ್ಲಿ ಉತ್ತರ ಇದೆ. ಉದ್ರಿ ಕೊಟ್ಟವರಲ್ಲಿ ಕೆಲವರು ದುಡ್ಡು ಕೊಡುವುದಿಲ್ಲ ಎಂದು ಯಾವ ಅಂಗಡಿಯವರೂ ಎಲ್ಲರಿಗೂ ಉದ್ರಿ ನಿಲ್ಲಿಸುವುದಿಲ್ಲ. ಸಂಶಯಾಸ್ಪದ ಸಾಲಕ್ಕೆಂದು ಇಷ್ಟು ಶೇಕಡಾ ಎಂದು ತೆಗೆದಿಟ್ಟು ವ್ಯಾಪಾರ ನಡೆಸುತ್ತಾರೆ. ಸುಳ್ಳು ಹೇಳಿದವರನ್ನು ನಂಬಿದರೆ ನಷ್ಟ ಒಂದು ಪೀರಿಯಡ್. ನಿಜ ಹೇಳಿದವರನ್ನು ನಂಬದಿದ್ದರೆ ನಷ್ಟ ಒಡೆದ ಅಪೆಂಡಿಕ್ಸ್ ಆಗಬಹುದು, ಕತ್ತರಿಸಿದ ಕಾಲು ಆಗಬಹುದು. ಎರಡು ನಷ್ಟಗಳನ್ನು ಎದುರುಬದುರು ಬರೆದು ನೋಡಿ. ಯಾವ ಕಡೆ ಭಾರ ಎಂದು ಹೇಳಲು ಕಾಮರ್ಸ್ ಓದಬೇಕಾಗಿಲ್ಲ.

ನಂಬುವುದು ಎಂದರೆ ಮಾತ್ರೆ ಕೊಟ್ಟು ಸುಮ್ಮನಾಗುವುದೂ ಅಲ್ಲ. ನಂಬಿದ ಮೇಲೆ ಪರೀಕ್ಷೆ ಶುರುವಾಗಬೇಕು. ಎಲ್ಲಿ, ಯಾವಾಗಿನಿಂದ, ಯಾವ ಬಗೆ, ಯಾವುದರಿಂದ ಹೆಚ್ಚು ಎಂದು ಕೇಳಬೇಕು. ನಂಬದವರು ಈ ಪ್ರಶ್ನೆಗಳನ್ನು ಕೇಳುವುದೇ ಇಲ್ಲ.

ಆದ್ದರಿಂದ ನಮ್ಮ ಕಾಲೇಜಿಗೆ ಮತ್ತು ನಮಗೆ ನನ್ನ ಮೂರು ಸಲಹೆಗಳಿವೆ.

ಒಂದು, ಯಾವ ವಿದ್ಯಾರ್ಥಿಯಾದರೂ ನೋವೆಂದರೆ ತರಗತಿಯ ಮುಂದೆ ಕಾರಣ ಕೇಳದೆ, ಒಂದು ಕೋಣೆಯಲ್ಲಿ ಮಲಗಲು ಜಾಗ, ಬಿಸಿನೀರಿನ ಚೀಲ, ಮನೆಗೆ ಫೋನ್ ಮಾಡುವ ವ್ಯವಸ್ಥೆ ಇರಲಿ. ಹುಡುಗಿಯರು ಕಾರಣ ಹೇಳಬೇಕಾದರೆ ಮೇಡಂ ಒಬ್ಬರ ಹತ್ತಿರ ಮಾತ್ರ ಹೇಳುವಂತಾಗಲಿ. ಇದಕ್ಕೆ ದೊಡ್ಡ ಬಜೆಟ್ ಬೇಡ.

ಎರಡು, ನೋವಿನ ಪದಗಳ ಪಟ್ಟಿಯೊಂದನ್ನು ನಾವೇ ಮಾಡೋಣ. ಒಂದು ಕಡೆ ಕನ್ನಡ, ಒಂದು ಕಡೆ ಉರ್ದು. ನಮ್ಮ ಮನೆಗಳ ಹಿರಿಯರನ್ನು ಕೇಳಿ ಬರೆದುಕೊಂಡರೆ ಒಂದು ವಾರದ ಕೆಲಸ. ಅದನ್ನು ದವಾಖಾನೆಗಳ ಗೋಡೆಗೆ ಹಚ್ಚಲು ಕೊಡೋಣ. ಕನ್ನಡ ಬಾರದ ಅಜ್ಜಿಯೂ ಬೆರಳಿಟ್ಟು ತೋರಿಸಬಹುದು.

ಮೂರು, ಇದು ಇವತ್ತೇ ಮಾಡಬಹುದಾದದ್ದು. ಮನೆಯಲ್ಲಿ ಶುಗರ್ ಇರುವವರ ಪಾದವನ್ನು ಮುಟ್ಟಿ ನೋಡಿ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಪಿಸಿದ ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಅವರು ಕಣ್ಣು ಮುಚ್ಚಿಕೊಳ್ಳಲಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು ಆರು ಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಅದೇ ಬೆರಳನ್ನು ಮತ್ತೆ ಮುಟ್ಟಬೇಡಿ. ಮುಟ್ಟಿದ್ದು ತಿಳಿದಾಗ ಎಡ, ಬಲ ಎಂದು ಹೇಳಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳು ತಿಳಿಯದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಎಂದು ಅರ್ಥ, ತಡಮಾಡದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ಬರಿಗಾಲಲ್ಲಿ ನಡೆಯದಂತೆ, ದಿನಾ ಪಾದದ ಅಡಿ ನೋಡಿಕೊಳ್ಳುವಂತೆ ಹೇಳಬೇಕು. ನಾನು ದಾದಿಗೆ ಮಾಡಿದಾಗ ಆರರಲ್ಲಿ ಮೂರು ತಿಳಿಯಲಿಲ್ಲ. ಈಗ ಅವರ ಚೀಟಿಯಲ್ಲಿ "ಕಾಲು ನೋವು" ಎಂಬ ಎರಡು ಪದಗಳಷ್ಟೇ ಇಲ್ಲ, ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳುತ್ತಾರೆ.

ಈ ಸಂಚಿಕೆ ಓದಿದ ಪ್ರತಿಯೊಬ್ಬರೂ ಒಬ್ಬರ ಪಾದ ಮುಟ್ಟಿ ನೋಡಿದರೆ ಸಾಕು. ಮುಟ್ಟುವಾಗ "ಹೇಗೆ ನೋಯುತ್ತದೆ?" ಎಂದು ಅವರ ಮಾತಿನಲ್ಲೇ ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು ಡಾಕ್ಟರ್‌ಗೆ ಕೊಡಿ.